ಮರಳುಗುಡ್ಡದ ಕಪ್ಪೆಗಳು ಕೂಗುವವರೆಗೆ

ಸಮುದ್ರವನ್ನು ಗುಡಿಸುವ ಮನೆ

ಸೀಮೆಗೆ ಹೋಗಿ ಬಂದವಳೆಂದು ರಾಜಾಜಿನಗರದ ನಮ್ಮ ಬೀದಿಯ ಹೆಂಗಸರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮೊದಲು ಕೇಳುವುದು, ರಾಣಿಯನ್ನು ನೋಡಿದೆಯಾ ಅಂತ. ನೋಡಲಿಲ್ಲ. ಲಂಡನ್ನಿನ ಆ ದೊಡ್ಡ ಗಡಿಯಾರ? ರೈಲು ಬದಲಾಯಿಸುವ ಗಡಿಬಿಡಿಯಲ್ಲಿ ಅದೂ ಕಾಣಲಿಲ್ಲ. "ಇನ್ನೇನ್ ನೋಡ್ಕೊಂಡ್ ಬಂದ್ಯೇ ತಾಯಿ?" ಅನ್ನುತ್ತಾರೆ. ಮರಳು ನೋಡಿದೆ, ಕಾಡು ನೋಡಿದೆ, ಕಪ್ಪೆ ನೋಡಿದೆ ಅನ್ನುತ್ತೇನೆ. "ಅಯ್ಯೋ ನಿನ್ನ! ಅದಕ್ಕೆ ಹಡಗು ಹತ್ತಬೇಕಿತ್ತಾ? ಕೆಂಗೇರಿ ಬಸ್ ಹತ್ತಿದ್ರೆ ಸಾಕಾಗ್ತಿತ್ತು" ಎಂದು ಸೆರಗು ಕೊಡವಿಕೊಂಡು ಎದ್ದು ಹೋಗುತ್ತಾರೆ. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎದ್ದು ಹೋಗುವವರು ಈಗಲೂ ಹೋಗಬಹುದು, ನನಗೇನೂ ಬೇಜಾರಿಲ್ಲ.

ನಮ್ಮ ಯಜಮಾನರು ಕೆಲಸ ಮಾಡುವ ಕಾರ್ಖಾನೆಗೆ ಇಂಗ್ಲೆಂಡಿನಿಂದ ಹೊಸ ಯಂತ್ರಗಳು ಬರುವುದಿದ್ದವು. ಅವುಗಳ ಮರ್ಮ ಕಲಿತು ಬರಲು ಅವರನ್ನು ಒಂದು ಬೇಸಗೆಯ ಮಟ್ಟಿಗೆ ಲಿವರ್‌ಪೂಲಿಗೆ ಕಳಿಸಿದರು. ಮಗ ಬರೀ ಬೇಯಿಸಿದ ಆಲೂಗಡ್ಡೆ ತಿಂದು ಸೊರಗಿ ಹೋಗುತ್ತಾನೆಂದು ನಮ್ಮತ್ತೆ ರಾಗಿಹಿಟ್ಟಿನ ಡಬ್ಬದ ಜೊತೆ ನನ್ನನ್ನೂ ಕಳಿಸಿಕೊಟ್ಟರು. ಇಬ್ಬರಲ್ಲಿ ಡಬ್ಬದ ಮೇಲೆಯೇ ಅವರಿಗೆ ನಂಬಿಕೆ ಜಾಸ್ತಿ.

ಲಿವರ್‌ಪೂಲಿನಲ್ಲಿ ಮನೆ ಸಿಗಲಿಲ್ಲ. ಬಾಗಿಲು ತೆಗೆದವರು ನಮ್ಮ ಮುಖ ನೋಡಿದ ಕೂಡಲೇ, ರೂಮು ಈಗ ತಾನೇ ಹೋಯಿತು ಅನ್ನುತ್ತಿದ್ದರು. ಪಾಪ, ಆ ಊರಿನ ರೂಮುಗಳೆಲ್ಲ ನಾವು ಬಾಗಿಲು ತಟ್ಟುವ ಹೊತ್ತಿಗೇ ಹೋಗುತ್ತಿದ್ದವು. ಕೊನೆಗೆ ಕಾರ್ಖಾನೆಯ ಒಬ್ಬ ಪುಣ್ಯಾತ್ಮ, ಸಮುದ್ರದ ದಡದಲ್ಲಿ ಒಂದು ಚಿಕ್ಕ ಊರಿದೆ, ಅಲ್ಲಿ ತನಗೆ ಗೊತ್ತಿರುವ ಒಬ್ಬಾಕೆ ಇದ್ದಾಳೆ ಎಂದು ದಾರಿ ತೋರಿಸಿದ. ಆಕೆಯ ಹೆಸರು ಈಡಿತ್. ಎರಡು ದಿನದೊಳಗೆ ನನ್ನ ಬಾಯಲ್ಲಿ ಆಕೆ ಈಡಿತಮ್ಮ ಆದರು. ಮದುವೆಯಾಗದ ಹೆಂಗಸು, ಕೂದಲೆಲ್ಲ ಹತ್ತಿಯ ಹಾಗೆ ಬೆಳ್ಳಗೆ. ಜೊತೆಗೆ ಅಣ್ಣ ವಿಲ್ಫ್ರೆಡ್, ಎಪ್ಪತ್ತು ದಾಟಿದ, ಬೆತ್ತದಂತೆ ಸಪೂರವಾದ ಮುದುಕ. ಆ ಊರಿನ ಮನೆಮನೆಗೂ ಟಪಾಲು ಹಂಚಿ ರಿಟೈರಾದವರು. ಅವರನ್ನು ನಾನು ತಾತ ಎಂದೆ. ಅರ್ಥ ಕೇಳಿದರು. ಹೇಳಿದೆ. ಒಪ್ಪಿಕೊಂಡರು.

ಆ ಮನೆಯಲ್ಲಿ ಎಲ್ಲೆಲ್ಲೂ ಮರಳು. ಹೊಸ್ತಿಲಲ್ಲಿ, ಹಾಸಿಗೆಯಲ್ಲಿ, ಟೀ ಲೋಟದ ತಳದಲ್ಲಿ. ಊರಿನ ಹಿಂದೆ ಮರಳಿನ ಗುಡ್ಡಗಳ ಸಾಲೇ ಇತ್ತು. ಗಾಳಿ ಅದನ್ನು ಹಿಡಿಹಿಡಿಯಾಗಿ ತಂದು ಮನೆಯೊಳಗೆ ಹಾಕುತ್ತಿತ್ತು. ಬೆಳಗಾದರೆ ಈಡಿತಮ್ಮ ಪೊರಕೆ ಹಿಡಿದು ನಿಲ್ಲುವರು. ನಾವು ರಂಗೋಲಿ ಹಾಕಲು ಅಂಗಳ ಗುಡಿಸಿದರೆ ಈಕೆ ಸಮುದ್ರವನ್ನೇ ಮನೆಯಿಂದಾಚೆ ಗುಡಿಸುತ್ತಿದ್ದಾರೆ ಎನಿಸುತ್ತಿತ್ತು.

ಇನ್ನೊಂದು ವಿಚಿತ್ರ ಅಲ್ಲಿನ ಸಂಜೆ. ರಾತ್ರಿ ಊಟ ಮುಗಿದು ಒಂಬತ್ತು ಹೊಡೆದರೂ ಬೆಳಕು ಹೋಗುವುದಿಲ್ಲ. ನಾನು ದೇವರ ಪಟದ ಮುಂದೆ ದೀಪ ಹಚ್ಚಲು ಮುಸ್ಸಂಜೆ ಆಗಲಿ ಎಂದು ಕಾಯುತ್ತಿದ್ದೆ. ಮುಸ್ಸಂಜೆಯೇ ಒಂದು ಇಡೀ ರಾತ್ರಿಯಷ್ಟು ಉದ್ದ. ಕಿಟಕಿಯಾಚೆ ಮರಳುಗುಡ್ಡಗಳು ಮೊದಲು ಹಳದಿ, ಆಮೇಲೆ ಗುಲಾಬಿ, ಆಮೇಲೆ ಹೆಸರು ಗೊತ್ತಿಲ್ಲದ ಒಂದು ಬಣ್ಣಕ್ಕೆ ತಿರುಗುತ್ತಿದ್ದವು. ನೋಡುತ್ತಾ ಕೂತವಳಿಗೆ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಗೊತ್ತಾಗುತ್ತಿರಲಿಲ್ಲ. ಯಜಮಾನರು ಮಾತ್ರ ಕಂಬಳಿ ಮುಸುಕು ಹಾಕಿಕೊಂಡು, "ಇದೇನು ಊರೋ, ಸೂರ್ಯಂಗೂ ಮನೆಮಠ ಇಲ್ಲ" ಎಂದು ಗೊಣಗುತ್ತಾ ಮಲಗುತ್ತಿದ್ದರು.

ಗೆರೆಯಿಲ್ಲದ ಅಳಿಲು

ಯಜಮಾನರು ಬೆಳಗಿನ ರೈಲು ಹತ್ತಿ ಹೋದ ಮೇಲೆ ನನಗೇನು ಕೆಲಸ? ತಾತ ತಿರುಗಾಡಲು ಹೊರಡುವಾಗ ಬಾ ಎಂದು ಕೈ ಸನ್ನೆ ಮಾಡಿದರು. ಬಾಗಿಲಲ್ಲಿ, "ಕಮಾನ್, ಲವ್" ಅಂದರು. ಎಪ್ಪತ್ತರ ಮುದುಕನಿಗೆ ಇದೇನಪ್ಪಾ ಬುದ್ಧಿ ಎಂದು ಒಳಗೆ ಓಡಿಬಿಟ್ಟೆ. ಸಂಜೆ ಯಜಮಾನರಿಗೆ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. "ಈ ಕಡೆ ಜನ ಎಲ್ಲರನ್ನೂ ಹಂಗೇ ಕರೆಯೋದು ಕಣೇ. ಬಸ್ ಕಂಡಕ್ಟರು ನನ್ನನ್ನೂ ಲವ್ ಅಂತಾನೆ. ನಮ್ಮಲ್ಲಿ ತಾಯೀ ಅನ್ನಲ್ವಾ, ಹಂಗೆ." ಆದ್ದರಿಂದ ಇನ್ನು ಮುಂದೆ ತಾತನ ಮಾತು ಬರೆಯುವಾಗ ಆ ಪದವಿದ್ದಲ್ಲಿ ತಾಯೀ ಎಂದೇ ಬರೆಯುತ್ತೇನೆ. ಅವರ ಉಳಿದ ಇಂಗ್ಲಿಷನ್ನೂ ನಮ್ಮ ಕಡೆಯ ಕನ್ನಡಕ್ಕೆ ಇಳಿಸಿಬಿಡುತ್ತೇನೆ. ನನ್ನ ಮಿಡ್ಲ್ ಸ್ಕೂಲ್ ಇಂಗ್ಲಿಷಿಗೆ ಅದು ಹಾಗೇ ಕೇಳಿಸಿದ್ದು.

ಊರಿಗೂ ಮರಳುಗುಡ್ಡಕ್ಕೂ ನಡುವೆ ಪೈನ್ ಮರಗಳ ಕಾಡು. ಅದರ ಸುತ್ತ ಬೇಲಿ. ನಮ್ಮ ಕಡೆ ಹೊಲಕ್ಕೆ ಬೇಲಿ ಹಾಕುತ್ತೇವೆ, ಕಾಡಿನ ಹಂದಿ ಒಳಗೆ ಬರದಿರಲಿ ಅಂತ. ಇವರು ಕಾಡಿಗೇ ಬೇಲಿ ಹಾಕಿದ್ದಾರೆ, ಮನುಷ್ಯರು ಒಳಗೆ ಬಂದು ಕೆಡಿಸದಿರಲಿ ಅಂತ. ಒಳಗೆ ಕಾಲಿಟ್ಟರೆ ಸದ್ದೇ ಇಲ್ಲ. ಸೂಜಿಯಂಥ ಎಲೆಗಳು ಉದುರಿ ಉದುರಿ ನೆಲವೆಲ್ಲ ಹಾಸಿಗೆ. ನನ್ನ ಹೆಜ್ಜೆ ನನಗೇ ಕೇಳುತ್ತಿರಲಿಲ್ಲ. ಬಿಸಿಲು ಮರದ ನಡುವೆ ಓರೆಯಾಗಿ ಇಳಿದು ಬಂದು ಅಲ್ಲೇ ನಿಂತಂತಿತ್ತು. ಎಷ್ಟು ಹೊತ್ತು ನಡೆದೆವೋ ತಿಳಿಯದು.

ಒಂದು ಅಳಿಲು ಮರದಿಂದ ತಲೆಕೆಳಗಾಗಿ ಇಳಿಯಿತು. ಬಣ್ಣ ನಮ್ಮ ಹೊಲದ ಕೆಮ್ಮಣ್ಣಿನದು, ಬಾಲ ಮೈಗಿಂತ ದೊಡ್ಡದು, ಕಿವಿಯ ಮೇಲೆ ಕೂದಲಿನ ಜುಟ್ಟು. ಆದರೆ ಬೆನ್ನ ಮೇಲೆ ಗೆರೆ ಇಲ್ಲ. ನಮ್ಮ ಅಳಿಲು ಸೇತುವೆಗೆ ಮರಳು ಹೊತ್ತದ್ದಕ್ಕೆ ರಾಮ ಬೆನ್ನು ಸವರಿದ್ದು, ಬೆರಳಿನ ಗುರುತು ಉಳಿದದ್ದು, ಎಲ್ಲವನ್ನೂ ತಾತನಿಗೆ ಹೇಳಿದೆ. ತಾತ ಕಿವಿಗೆ ಕೈ ಹಿಡಿದು ಕೇಳಿದರು. "ಇಷ್ಟು ಮರಳಿದ್ದೂ ನಮ್ಮೋರು ಯಾರಿಗೂ ಏನೂ ಕಟ್ಟಿ ಕೊಟ್ಟಿಲ್ಲ, ಅದಕ್ಕೇ ಗೆರೆ ಇಲ್ಲ" ಅಂದರು.

ಆ ಕಾಡಿನಲ್ಲಿ ಜನ ಬರುತ್ತಾರೆ, ಬಟ್ಟೆ ಹಾಸಿ ಕೂತು ತಣ್ಣನೆಯ ರೊಟ್ಟಿ ತಿನ್ನುತ್ತಾರೆ, ಕಾಗದದ ಚೂರನ್ನೂ ಆರಿಸಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಆದರೆ ಕಾಲಡಿಯಲ್ಲಿ ಬಿದ್ದ ಸೌದೆಯನ್ನು ಒಬ್ಬರೂ ಮುಟ್ಟುವುದಿಲ್ಲ. ನೋಡಿ ನೋಡಿ ನನ್ನ ಹೊಟ್ಟೆ ಉರಿಯಿತು. ಉಲ್ಲಾಳದಲ್ಲಿ ಹುಟ್ಟಿದವಳು ನಾನು. ಉಲ್ಲಾಳ ಅಂದರೆ ಮಂಗಳೂರಿನ ಕಡಲ ಮಗ್ಗುಲಿನದಲ್ಲ, ಕೆಂಗೇರಿ ಮಗ್ಗುಲಿನದು. ನಮಗಿರುವ ನೀರು ಅಂದರೆ ಒಂದು ಕೆರೆ. ಅಲ್ಲಿ ಒಣಕಡ್ಡಿ ಬಿದ್ದರೆ ನೆಲ ಮುಟ್ಟುವ ಮುಂಚೆ ಯಾರಾದರೂ ಎತ್ತಿಕೊಂಡಿರುತ್ತಾರೆ. ಒಂದು ದಿನ ತಾತ ದುರ್ಬೀನಿನಲ್ಲಿ ಹಕ್ಕಿ ನೋಡುತ್ತಾ ಮೈಮರೆತಿದ್ದಾಗ ನಾನು ಒಂದು ಹೊರೆ ಆಯ್ದೆ, ಬಳ್ಳಿಯಿಂದ ಬಿಗಿದೆ, ತಲೆಗೆ ಏರಿಸಿದೆ. ಈಡಿತಮ್ಮನ ಒಲೆಗೆ ಆಗುತ್ತದಲ್ಲ! ತಾತ ತಿರುಗಿ ನೋಡಿದವರು ಹಾಗೇ ನಿಂತರು.

"ಎಲ್ಲಿಗೆ ತಾಯೀ ಅದು?"

"ಮನೆಗೆ."

"ಅದೇ ಮನೆ. ಒಳಗೆ ಹುಳ ಹುಪ್ಪಟೆ ಸಂಸಾರ ಮಾಡ್ಕೊಂಡಿವೆ. ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ."

ಹೊರೆ ಬಿಚ್ಚಿ, ಒಂದೊಂದು ಕಡ್ಡಿಯನ್ನೂ ಅದರ ಜಾಗ ಇದೇ ಇರಬೇಕೆಂದು ಅಂದಾಜಿನ ಮೇಲೆ ಇಟ್ಟು ಬಂದೆ. ಆ ಹುಳಗಳು ಆವತ್ತು ಯಾರ ಯಾರ ಮನೆಗೆ ಹೊಕ್ಕವೋ ದೇವರೇ ಬಲ್ಲ.

ಮಂಜಿನೊಳಗೆ

ಸಮುದ್ರವನ್ನು ಹಡಗಿನಿಂದ ನೋಡಿ ವಾಂತಿ ಮಾಡಿಕೊಂಡಿದ್ದೆ. ದಡದಲ್ಲಿ ನಿಂತು ನೆಟ್ಟಗೆ ನೋಡಬೇಕೆಂಬ ಆಸೆ ಇತ್ತು. ತಾತ ಒಂದು ಮಧ್ಯಾಹ್ನ ಅತಿ ಎತ್ತರದ ಮರಳುಗುಡ್ಡಕ್ಕೆ ಹತ್ತಿಸಿದರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುವ ಗುಡ್ಡ. ಒರಟು ಹುಲ್ಲು ಮಾತ್ರ ಅದನ್ನು ಹಿಡಿದು ನಿಲ್ಲಿಸಿತ್ತು. ಏದುಸಿರು ಬಿಡುತ್ತಾ ತುದಿ ಮುಟ್ಟಿ ನೋಡುತ್ತೇನೆ, ಸಮುದ್ರವೇ ಇಲ್ಲ! ಕಣ್ಣು ಹೋಗುವವರೆಗೂ ಒದ್ದೆ ಮರಳು, ಆಕಾಶ ಅದರಲ್ಲಿ ಬಿದ್ದು ಹೊಳೆಯುತ್ತಿತ್ತು.

"ಎಲ್ಲಿ ತಾತ ಸಮುದ್ರ?"

"ಹೊರಗೆ ಹೋಗಿದೆ. ಸಾಯಂಕಾಲ ಬರತ್ತೆ" ಅಂದರು, ಪಕ್ಕದ ಮನೆಯವರ ವಿಷಯ ಹೇಳುವಂತೆ.

ಬಂದದ್ದು ಸಮುದ್ರವಲ್ಲ, ಮಂಜು. ಬಿಳಿಯ ಗೋಡೆಯೊಂದು ಮರಳಿನ ಮೇಲೆ ಸದ್ದಿಲ್ಲದೆ ನಡೆದು ಬಂದು ಗುಡ್ಡಗಳನ್ನು ಒಂದೊಂದಾಗಿ ನುಂಗಿತು. ತಾತ ಮುಂದೆ, ನಾನು ಹಿಂದೆ. ನನ್ನ ಚಪ್ಪಲಿಯ ಬಾರು ಕಿತ್ತುಕೊಂಡಿತು. "ತಾತಾ, ನಿಲ್ಲಿ" ಎಂದೆ. ಅವರು ಮಾತಾಡುತ್ತಲೇ ನಡೆದರು. "ತಾತಾ!" ಹತ್ತು ಮಾರು ದೂರದಲ್ಲಿ ಅವರ ಕೋಟು ಮಸುಕಾಗಿ ಕಾಣುತ್ತಿತ್ತು. ಕೂಗಿದೆ, ಕಿರುಚಿದೆ. ತಿರುಗಿಯೂ ನೋಡಲಿಲ್ಲ. ಸಿಟ್ಟು ನೆತ್ತಿಗೇರಿ, "ಏನ್ ಮುದ್ಕಪ್ಪಾ ನೀನು, ನಿನ್ ಕಿವಿಗೆ ಮಣ್ಣು ಹಾಕ!" ಎಂದು ಅಚ್ಚ ಉಲ್ಲಾಳದ ಕನ್ನಡದಲ್ಲಿ ಬೈದೆ. ಕೋಟು ಮಂಜಿನಲ್ಲಿ ಕರಗಿತು.

ಒಬ್ಬಳೇ ಕೂತೆ. ಮೇಲೆ ಕೆಳಗೆ ಎಲ್ಲ ಒಂದೇ ಬಿಳುಪು. ನಾನು ಸತ್ತೇ ಹೋಗಿರಬಹುದೇ, ಇದೇ ಪರಲೋಕವೇ, ಹಾಗಿದ್ದರೆ ಇಷ್ಟು ಚಳಿ ಯಾಕೆ ಎಂದೆಲ್ಲ ಯೋಚನೆ ಬಂತು. ಹೆದರಿಕೆ ಯಾವಾಗ ಹೋಯಿತೋ ಗೊತ್ತಿಲ್ಲ, ತೂಕಡಿಕೆ ಬಂದಿತ್ತು. ಭುಜದ ಮೇಲೆ ಕೈ ಬಿದ್ದಾಗ ಬೆಚ್ಚಿ ಕಣ್ಣು ಬಿಟ್ಟೆ. ತಾತ. ಮುಖ ಸುಣ್ಣದಂತಾಗಿತ್ತು. "ನೀನು ಹಿಂದೇನೇ ಇದೀಯ ಅಂತ ಹುಲ್ಲಿನ ಕಥೆ ಹೇಳ್ತಾ ಹೋಗಿಬಿಟ್ಟೆ ತಾಯೀ. ಕ್ಷಮಿಸು." ಕೋಟಿನ ತುದಿ ನನ್ನ ಕೈಗೆ ಕೊಟ್ಟು, ಬಿಡಬೇಡ ಎಂದು, ಕುರುಡನನ್ನು ನಡೆಸಿದಂತೆ ಮನೆಗೆ ಕರೆತಂದರು.

ಅಡುಗೆಮನೆಯಲ್ಲಿ ಈಡಿತಮ್ಮ ವಿಷಯ ಹೇಳಿದರು. "ಎಡಗಿವಿ ಹೋಗಿ ಎಷ್ಟೋ ಕಾಲ ಆಯ್ತು. ಬಲಗಿವೀಲಿ ಚೂರು ಉಳಿದಿದೆ. ಅದೂ ಈ ವರ್ಷ ಕಳೆಯೋ ಹೊತ್ತಿಗೆ ಹೋಗತ್ತೆ ಅಂದಿದಾರೆ ಡಾಕ್ಟರು. ಸರ್ಕಾರದೋರು ಕಿವಿಗೆ ಒಂದು ಮೆಷೀನು ಕೊಟ್ರು, ಗಾಳೀಲಿ ಹಾಕ್ಕೊಂಡ್ರೆ ಗಿರಣಿಯೊಳಗೆ ಕೂತಂಗಾಗತ್ತಂತೆ, ಬಿಸಾಕಿದಾನೆ."

ಆಮೇಲೆ ದನಿ ತಗ್ಗಿಸಿದರು. ಪಕ್ಕದಲ್ಲೇ ಕೂತ ಅಣ್ಣನಿಗೆ ಹೇಗೂ ಕೇಳುತ್ತಿರಲಿಲ್ಲ, ಆದರೂ ತಗ್ಗಿಸಿದರು. "ಯಾವುದಕ್ಕೂ ಆಸೆ ಪಟ್ಟೋನಲ್ಲ ಇವನು. ಮರಳುಗುಡ್ಡದ ಕಪ್ಪೆಗಳಿವೆಯಲ್ಲ, ಈ ಸಲ ಅವು ಕೂಗೋದನ್ನ ಒಂದು ಸಂಜೆ ಕೇಳ್ಬೇಕು ಅಂತಾನೆ. ಅಷ್ಟು ಕೇಳಿಬಿಟ್ರೆ ಆಮೇಲೆ ಕಿವಿ ಹೋದ್ರೆ ಹೋಗ್ಲಿ ಅಂತಾನೆ."

ಕಿವಿಗೆ ಮಣ್ಣು ಹಾಕ ಎಂದು ಬೈದ ನಾಲಿಗೆಯನ್ನು ನಾನು ಕಚ್ಚಿಕೊಂಡೆ. ಅವತ್ತು ಬಿಸಿನೀರಿನ ಲೋಟ ಹಿಡಿದು ಕೂತವಳಿಗೆ ಮುಖ ಎತ್ತಿ ತಾತನನ್ನು ನೋಡಲು ಆಗಲಿಲ್ಲ.

ಒಣಗಿದ ತಗ್ಗು

ಮರಳುಗುಡ್ಡಗಳ ಮಧ್ಯೆ ತಗ್ಗುಗಳಿವೆ. ಮಳೆಯ ನೀರು ನಿಂತು ಅವು ಕುಂಟೆಗಳಾಗುತ್ತವೆ. ಸುತ್ತ ಮೊಣಕಾಲೆತ್ತರದ ಗಿಡಗಳ ಕಾಡು, ಅದರ ನಡುವೆ ನಡೆದರೆ ನಾನೇ ರಾಕ್ಷಸಿಯಾದಂತೆ ಭ್ರಮೆ. ವಸಂತದ ಬಿಸಿ ತಾಗಿದ ಮೇಲೆ ಒಂದು ಒಳ್ಳೆ ಮಳೆ ಬಿದ್ದರೆ, ಮರಳಿನೊಳಗೆ ಹುದುಗಿದ್ದ ಗಂಡು ಕಪ್ಪೆಗಳು ಎದ್ದು ಬಂದು ನೀರಿನಂಚಿನಲ್ಲಿ ಕೂತು ಹೆಣ್ಣನ್ನು ಕರೆಯುತ್ತವೆ. ತಾತ ಸಂಜೆಯ ಟಪಾಲು ಮುಗಿಸಿ ಸೈಕಲ್ ತಳ್ಳಿಕೊಂಡು ಈ ದಾರಿಯಲ್ಲೇ ಮನೆಗೆ ಬರುತ್ತಿದ್ದರಂತೆ. ಮೈಲಿ ದೂರದಿಂದಲೇ ಕೂಗು ಕೇಳುತ್ತಿತ್ತಂತೆ.

ಆ ವರ್ಷ ಮಳೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಮಳೆ ಬರಲಿಲ್ಲ ಅಂದರೆ ನಮ್ಮ ಬೀದಿಯವರು ನಂಬುವುದಿಲ್ಲ, ಆದರೆ ನಿಜ. ದಿನ ಬೆಳಗಾದರೆ ಬಿಸಿಲು. ಊರಿನವರ ಮುಖವೆಲ್ಲ ಅರಳಿತ್ತು. ಬೇಲಿಯ ಆಚೆಯಿಂದ, "ಎಂಥಾ ಚೆಂದದ ದಿನ ಅಲ್ವಾ!" ಅನ್ನುವರು. ನಾನು ಆಕಾಶ ನೋಡಿ ನಿಟ್ಟುಸಿರು ಬಿಡುವೆ. ನಮ್ಮ ಕಡೆ ಚೆಂದದ ದಿನ ಅಂದರೆ ಕಪ್ಪು ಮೋಡ ಕವಿದ ದಿನ.

ತಾತ ನನ್ನನ್ನು ತಗ್ಗಿಗೆ ಕರೆದುಕೊಂಡು ಹೋಗಿ ತೋರಿಸಿದರು. ತಳ ಒಣಗಿ ಬಿರುಕು ಬಿಟ್ಟಿತ್ತು. ಸಮುದ್ರ ತಂದು ಎಸೆದಿದ್ದ ಒಂದು ಹಲಗೆಯನ್ನು ಮೆಲ್ಲಗೆ ಎತ್ತಿದರು. ಅಡಿಯಲ್ಲಿ, ಮರಳಿನ ಗೂಡಿನಲ್ಲಿ, ಒಂದು ಕಪ್ಪೆ ಕಣ್ಣು ಮುಚ್ಚಿ ಕೂತಿತ್ತು. ಮೈಯೆಲ್ಲ ಗಂಟುಗಂಟು. ನಡುಬೆನ್ನ ಮೇಲೆ ತಲೆಯಿಂದ ಕೆಳಗಿನವರೆಗೆ ಒಂದು ಹಳದಿ ಗೆರೆ.

"ರಾಮನ ಬೆರಳು ಅಳಿಲಿಗೆ ತಪ್ಪಿ ಇದರ ಮೇಲೆ ಬಿದ್ದಿದೆ ತಾತ" ಎಂದು ಅವರ ಬಲಗಿವಿಯ ಹತ್ತಿರ ಕೂಗಿ ಹೇಳಿದೆ.

ನಕ್ಕರು. ಹಲಗೆಯನ್ನು ಹಾಗೆಯೇ ಮುಚ್ಚಿದರು. "ನೀರು ಬರೋವರೆಗೂ ಇವು ಬಾಯಿ ಬಿಡಲ್ಲ ತಾಯೀ. ಇವಕ್ಕೇನು, ಮುಂದಿನ ವರ್ಷ ಕೂಗ್ತವೆ."

ನಮ್ಮೂರಲ್ಲಿ ಮಳೆ ಹೋದರೆ ರಾಗಿ ಹೋಗುತ್ತಿತ್ತು, ಹುರುಳಿ ಹೋಗುತ್ತಿತ್ತು. ಒಬ್ಬ ಮನುಷ್ಯನ ಕಿವಿಗೋಸ್ಕರ ಮಳೆ ಬೇಕಾದದ್ದನ್ನು ನಾನು ನೋಡಿದ್ದು ಅಲ್ಲೇ. ಬರುವ ದಾರಿಯಲ್ಲಿ ನಾನು ಅವರಿಗೆ ಮಳೆರಾಯನ ವಿಷಯ ಹೇಳಿದೆ. ಮುಂಗಾರು ತಡವಾದರೆ ನಮ್ಮಲ್ಲಿ ಜೇಡಿಮಣ್ಣಿನ ಗೊಂಬೆ ಮಾಡಿ ಹಲಗೆಯ ಮೇಲೆ ಕೂರಿಸುತ್ತಾರೆ, ಒಬ್ಬರು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ, ಮನೆಯಾಕೆ ಹೊರಗೆ ಬಂದು ಗೊಂಬೆಯ ಮೇಲೆ ಒಂದು ಬಿಂದಿಗೆ ನೀರು ಸುರಿಯುತ್ತಾಳೆ, ಹೊತ್ತವನು ತೋಯ್ದು ತೊಪ್ಪೆಯಾಗುತ್ತಾನೆ. ಇದನ್ನೆಲ್ಲ ಗಾಳಿಯಲ್ಲಿ ಕೂಗಿ ಕೂಗಿ ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು.

ತಾತ ಬೇಲಿಯ ಹತ್ತಿರ ಬಂದಾಗ ನಿಂತರು. ಆಮೇಲೆ ಕೇಳಿದರು: "ಹಲಗೆ ಎಷ್ಟು ದೊಡ್ಡದಿರಬೇಕು?"

ಮನೆಮನೆಗೆ

ಯಜಮಾನರಿಗೆ ಗೊತ್ತಾದಾಗ ತಲೆ ಮೇಲೆ ಕೈ ಹೊತ್ತು ಕೂತರು. "ಏನೇ ಇದು? ನಾನಿಲ್ಲಿಗೆ ಬಂದಿರೋದು ಕೆಲಸ ಕಲಿಯಕ್ಕೆ. ಇವನ ಹೆಂಡ್ತಿ ಬೀದೀಲಿ ಮಣ್ಣಿನ ಗೊಂಬೆ ಮೆರವಣಿಗೆ ಮಾಡಿಸ್ತಾಳೆ ಅಂತ ಕಾರ್ಖಾನೆಗೆ ಗೊತ್ತಾದ್ರೆ ನನ್ನ ಮಾನ ಏನಾಗ್ಬೇಕು?"

"ನೀವ್ ಬರಬೇಡಿ ಬಿಡಿ ರೀ. ಮನೇಲಿರಿ."

"ಅಲ್ವೇ, ಇಂಗ್ಲೆಂಡಲ್ಲಿ ಮಳೆ ಬರಕ್ಕೆ ಮಳೆರಾಯ ಬೇಕಾ? ಸುಮ್ನಿದ್ರೂ ಬರತ್ತೆ ಕಣೇ."

"ಇಷ್ಟು ದಿನದಿಂದ ಸುಮ್ನೇ ಇದೀವಲ್ಲ, ಬಂತಾ?"

ಅವರು ಕಂಬಳಿ ಮುಸುಕು ಹಾಕಿಕೊಂಡರು.

ಈಡಿತಮ್ಮನ ಹಿತ್ತಲಿನ ಮಣ್ಣು ಅಗೆದೆ. ಅದು ಮಣ್ಣೇ ಅಲ್ಲ, ಮರಳು. ಗೊಂಬೆಗೆ ತಲೆ ಇಟ್ಟರೆ ಹೊಟ್ಟೆ ಕುಸಿಯುತ್ತಿತ್ತು, ಹೊಟ್ಟೆ ಸರಿ ಮಾಡಿದರೆ ಕಾಲು ಹೋಗುತ್ತಿತ್ತು. ಕೊನೆಗೆ ಅತ್ತೆಯ ಡಬ್ಬ ತೆಗೆದು, ರಾಗಿಹಿಟ್ಟು ಕಲಸಿ ಅಂಬಲಿ ಕಾಯಿಸಿ ಮರಳಿಗೆ ಹಾಕಿ ನಾದಿದೆ. ನಿಂತಿತು ನೋಡಿ! ರಾಗಿ ತಿಂದವನು ನಿರೋಗಿ ಎಂಬ ಮಾತು ಮಳೆರಾಯನಿಗೂ ಸಲ್ಲುತ್ತದೆ. ಈಡಿತಮ್ಮ ರೊಟ್ಟಿ ಕೊಯ್ಯುವ ಹಲಗೆ ಕೊಟ್ಟರು, ಮುಳ್ಳುಪೊದೆಯ ಹಳದಿ ಹೂ ತಂದು ಕಣ್ಣಿಗಿಟ್ಟರು. ಯಾರು ಹೊರುವುದು ಎಂದು ನಾನು ಕೇಳುವ ಮೊದಲೇ ತಾತ ತಮ್ಮ ಹಳೆಯ ಟಪಾಲಿನ ಟೋಪಿ ಹಾಕಿಕೊಂಡು ಬಂದು ಬಗ್ಗಿ ನಿಂತಿದ್ದರು.

ಭಾನುವಾರ ಬೆಳಗ್ಗೆ ಹೊರಟೆವು. ಮುಂದೆ ತಾತ, ತಲೆಯ ಮೇಲೆ ಮಳೆರಾಯ. ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ನಾನು. ಹಾಡಿನ ಪದಗಳು ಅರ್ಧ ಮರೆತಿದ್ದವು, ಬಾಯಿಗೆ ಬಂದದ್ದನ್ನು ರಾಗವಾಗಿ ಹೇಳಿದೆ. ಅವರ ಊರಿನ ಬೀದಿಯಲ್ಲಿ ಭಾನುವಾರ ಒಂದು ಕಾಗೆಯೂ ಕೂಗುವುದಿಲ್ಲ, ಅಂಥಲ್ಲಿ ನನ್ನ ದನಿ! ಕಿಟಕಿಯ ಪರದೆಗಳೆಲ್ಲ ಅಲುಗಾಡಿದವು.

ಮೊದಲ ಮನೆಯಾಕೆ ಬಾಗಿಲು ತೆಗೆದು ನೋಡಿ, ಒಳಗೆ ಹೋಗಿ, ಒಂದು ಕಾಸು ತಂದು ಹಲಗೆಯ ಮೇಲಿಟ್ಟಳು. ನನಗೆ ಅವಮಾನವೇ ಆಯಿತು, ಭಿಕ್ಷೆಗೆ ಬಂದಿದ್ದೇವೆಯೇ? ಎರಡನೆಯ ಮನೆಯಲ್ಲೂ ಕಾಸು. ಜೊತೆಗೆ ಬಂದಿದ್ದ ಈಡಿತಮ್ಮ ನಗು ತಡೆಯಲಾರದೆ ವಿವರಿಸಿದರು: ಅಲ್ಲಿನ ಮಕ್ಕಳು ನವೆಂಬರಿನಲ್ಲಿ ಒಂದು ಹುಲ್ಲುಗೊಂಬೆ ಮಾಡಿ ಬೀದಿ ಬೀದಿಯಲ್ಲಿ ಕಾಸು ಕೇಳುತ್ತಾರಂತೆ, ಆಮೇಲೆ ಅದನ್ನು ಬೆಂಕಿಗೆ ಹಾಕುತ್ತಾರಂತೆ. ಟಪಾಲಿನ ವಿಲ್ಫ್ರೆಡ್‌ಗೆ ವಯಸ್ಸಾಗಿ ತಿಂಗಳು ಮರೆತಿದೆ ಎಂದು ಜನ ಅಂದುಕೊಂಡಿದ್ದರು.

"ಕಾಸು ಬೇಡ, ನೀರು ಸುರೀರಿ!" ಎಂದು ತಾತನೇ ಗಟ್ಟಿಯಾಗಿ ಹೇಳತೊಡಗಿದರು. ಒಬ್ಬ ಮುದುಕಿ ಟೀ ಕೆಟಲಿನ ಬಿಸಿನೀರು ತಂದಳು, ತಣ್ಣೀರು ಬೆರೆಸಿಕೊಂಡೆವು. ಒಬ್ಬಾತ ಗಿಡಕ್ಕೆ ಹಾಕುವ ಡಬ್ಬಿಯಿಂದ ಹನಿಹನಿಯಾಗಿ ಸುರಿದ. ಮೂಲೆಮನೆಯ ದಪ್ಪ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, "ನೋಡಿ, ಶನಿವಾರ ನಮ್ಮ ಇಗರ್ಜಿಯೋರೆಲ್ಲ ಬಯಲಲ್ಲಿ ಊಟ ಇಟ್ಕೊಂಡಿದೀವಿ. ಮಳೆ ಗಿಳೆ ತರಿಸಿದ್ರೆ ಸುಮ್ನಿರಲ್ಲ" ಅಂದಳು. ತಾತ ಯಾಕೆಂದು ಹೇಳಿದರು, ಸುತ್ತುಬಳಸಿಲ್ಲದೆ, ಕಪ್ಪೆಯ ಕೂಗಿಗೆ, ತಮ್ಮ ಕಿವಿಗೆ ಎಂದು. ಆಕೆ ಸೊಂಟದ ಮೇಲಿನ ಕೈ ಇಳಿಸಿದಳು. ಒಳಗಿನ ಬಕೆಟ್ಟನ್ನೇ ಎತ್ತಿ ತಂದು ದಬದಬ ಸುರಿದಳು.

ನೀರು, ಮರಳು, ರಾಗಿ ಎಲ್ಲ ಸೇರಿ ತಾತನ ಟೋಪಿಯಿಂದ ಕತ್ತಿಗೆ, ಕತ್ತಿನಿಂದ ಕೋಟಿನೊಳಗೆ ಇಳಿಯುತ್ತಿತ್ತು. ಚಳಿಗೆ ನಡುಗುತ್ತಾ ಗಹಗಹಿಸಿ ನಗುತ್ತಿದ್ದರು. ಆ ಮುಖ ನೋಡಿ ಮಳೆ ಬಂದಷ್ಟೇ ಸಂತೋಷ ನನಗಾಯಿತು.

ಮಳೆ ಬರಲಿಲ್ಲ. ಸೋಮವಾರ ಬಿಸಿಲು, ಮಂಗಳವಾರ ಬಿಸಿಲು. ಶನಿವಾರ ಇಗರ್ಜಿಯವರು ಬಯಲಲ್ಲಿ ಹಾಯಾಗಿ ಉಂಡರು. ಅದರ ಮುಂದಿನ ವಾರವೂ ಬಿಸಿಲೇ. ಈ ನಡುವೆ ತಾತ ಬದಲಾಗುತ್ತಿದ್ದರು. ಬಾಗಿಲು ಗಾಳಿಗೆ ಧಡ್ಡೆಂದು ಬಡಿದರೆ ತಿರುಗುತ್ತಿರಲಿಲ್ಲ. ಉಪ್ಪು ಕೇಳಿದರೆ, ಹೌದು ಚೆನ್ನಾಗಿದೆ ಅನ್ನುತ್ತಿದ್ದರು. ನಾನು ಬಲಗಿವಿಯ ಹತ್ತಿರ ಕೂಗಿದರೂ ಈಗ ನನ್ನ ತುಟಿಯನ್ನೇ ನೋಡುತ್ತಿದ್ದರು. ಮಳೆ ಮೊದಲು ಬರುವುದೋ, ಕಿವಿ ಮೊದಲು ಹೋಗುವುದೋ? ನಾನೂ ಈಡಿತಮ್ಮನೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ದಿನಾ ಇದನ್ನೇ ಯೋಚಿಸುತ್ತಿದ್ದೆವು. ಬೆಳಗ್ಗೆ ಎದ್ದರೆ ಇಬ್ಬರೂ ಮೊದಲು ಕಿಟಕಿಗೆ ಹೋಗುತ್ತಿದ್ದೆವು.

ನೀರು ನಿಂತ ಮೇಲೆ

ಕೊನೆಗೆ ಮಳೆ ಬಂತು. ಬಂದದ್ದು ನಿಲ್ಲಲೇ ಇಲ್ಲ. ಹಗಲು ರಾತ್ರಿ ಮಾಡಿನಿಂದ ಧಾರೆ. ಮೂಲೆಮನೆಯಾಕೆ ಕೊಡೆಯಡಿಯಿಂದ, "ಸಾಕು, ನಿಲ್ಲಿಸಮ್ಮಾ ಇನ್ನ!" ಎಂದು ನನಗೆ ಕೂಗಿದಳು. ಯಜಮಾನರು ತೋಯ್ದ ಕೋಟು ಕೊಡವುತ್ತಾ ರೈಲಿನಿಂದ ಬಂದು, "ನಿನ್ನ ಮಳೆರಾಯಂಗೆ ರಜಾ ಕೊಡೇ" ಅಂದರು. ನನಗೆ ಊರಿಗೆ ಊರೇ ಹೆದರುವಂತಾಯಿತಲ್ಲ ಎಂದು ಒಳಗೊಳಗೇ ಜಂಬ.

ಮಳೆ ಬಿಟ್ಟ ಸಂಜೆ ಗಾಳಿ ನಿಂತು ಬೆಚ್ಚಗಾಯಿತು. ತಾತ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಯಜಮಾನರಿಗೆ ನೆಗಡಿ, ನಾವು ಮೂವರೇ ಹೊರಟೆವು. ಕಾಡಿನೊಳಗೆ ಮರಗಳು ತೊಟ್ಟಿಕ್ಕುತ್ತಿದ್ದವು. ಒದ್ದೆ ತೊಗಟೆಯ ವಾಸನೆ, ಕಂಬದಂಥ ಮರಗಳ ನಡುವೆ ತೇಲುವ ಹಬೆ, ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ನೇರಳೆ ಬಣ್ಣದ ಬೆಳಕು. ಯಾರೋ ಕಾಣುತ್ತಿದ್ದ ಕನಸಿನೊಳಗೆ ನಾವು ಕಾಲಿಟ್ಟಂತಿತ್ತು.

ಕಾಡು ಮುಗಿಯುವಲ್ಲಿ ಅದು ಕೇಳಿಸಿತು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಎಣಿಕೆಯೇ ಇಲ್ಲ. ನೂರು ರಾಟೆಗಳನ್ನು ಒಟ್ಟಿಗೆ ತಿರುಗಿಸಿದಂತೆ ಗರ್ರ್ ಗರ್ರ್ ಎಂದು ಎದ್ದು, ಗಕ್ಕನೆ ನಿಂತು, ಮತ್ತೆ ಏಳುತ್ತಿತ್ತು. ಉಲ್ಲಾಳದ ಕೆರೆ ತುಂಬಿದ ರಾತ್ರಿ ಏರಿಯ ಮೇಲೆ ನಿಂತರೆ ಎದೆಯೊಳಗೇ ಕೂಗಿದಂತೆ ಆಗುತ್ತಿತ್ತಲ್ಲ, ಹಾಗೆಯೇ. ಈಡಿತಮ್ಮ ನನ್ನ ತೋಳು ಹಿಡಿದುಕೊಂಡರು. ನಾವಿಬ್ಬರೂ ಒಟ್ಟಿಗೆ ತಾತನ ಮುಖ ನೋಡಿದೆವು.

ತಾತ ತಗ್ಗಿನ ಕಡೆಗೆ ಬಿರಬಿರನೆ ನಡೆದರು. ನೀರು ಕನ್ನಡಿಯಂತೆ ನಿಂತಿತ್ತು, ಅಂಚಿನಲ್ಲಿ ಅಲ್ಲಲ್ಲಿ ಬಿಳಿಯ ಗಂಟಲುಗಳು ಬುಗ್ಗೆಯಾಗಿ ಉಬ್ಬಿ ಇಳಿಯುತ್ತಿದ್ದವು. ಆ ಬೆಳಕಿನಲ್ಲಿ ಅವರ ಕಣ್ಣಿಗೆ ಅದು ಕಾಣಲಿಲ್ಲ. ಟೋಪಿ ತೆಗೆದರು. ಬಲಗಿವಿಯ ಹಿಂದೆ ಅಂಗೈ ಹಿಡಿದು, ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ನಿಂತರು. ತುಂಬಾ ಹೊತ್ತು ಹಾಗೇ ನಿಂತರು. ಸುತ್ತಲೂ ಭೂಮಿಯೇ ಕೂಗುತ್ತಿತ್ತು.

ಆಮೇಲೆ ನಮ್ಮ ಕಡೆ ತಿರುಗಿ ನಕ್ಕು, "ಇನ್ನೂ ಹೊತ್ತಾಗಿಲ್ಲ. ಸ್ವಲ್ಪ ಕತ್ತಲಾಗ್ಬೇಕು ಅವಕ್ಕೆ. ಕಾಯೋಣ" ಅಂದರು.

ಈಡಿತಮ್ಮ ಮುಖ ಆ ಕಡೆ ತಿರುಗಿಸಿದರು. ಹೇಳುವುದು ತಂಗಿಯಾದ ಅವರ ಕೆಲಸ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವರು ಕಾದರು. ಅಯ್ಯೋ ದೇವರೇ, ಒಂದೇ ಒಂದು ಸಂಜೆ ಕೇಳಿದ್ದರಲ್ಲಪ್ಪಾ ನಿನ್ನನ್ನು! ನನಗೆ ಮಳೆರಾಯನ ಮೇಲೆ, ಆ ಕಪ್ಪೆಗಳ ಮೇಲೆ, ಬಿಸಿಲಿಗೆ ಖುಷಿಪಟ್ಟ ಊರಿನ ಮೇಲೆ, ಎಲ್ಲರ ಮೇಲೂ ಕೆಟ್ಟ ಕೋಪ ಬಂತು. ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದುಬಿಟ್ಟೆ. ತಾತ, "ಏ ಏ ತಾಯೀ, ಮುಟ್ಟಬಾರದು" ಎಂದು ಕೂಗುತ್ತಲೇ ಇದ್ದರು. ಅಂಚಿನಲ್ಲಿದ್ದ ಒಂದು ಕಪ್ಪೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಬಿಡು ಬಿಡು ಎಂದು ಅದು ಮೈಯನ್ನೆಲ್ಲ ನಡುಗಿಸಿ ಗೊರಗುಟ್ಟಿತು. ದಡಕ್ಕೆ ಬಂದು ತಾತನ ಅಂಗೈಯಲ್ಲಿಟ್ಟು, ಅವರ ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿ, ನನ್ನ ಕೈಗಳಿಂದ ಒತ್ತಿ ಹಿಡಿದೆ.

ಕಪ್ಪೆ ಆ ಮುದಿ ಕೈಗಳೊಳಗೆ ನಡುಗಿತು, ನಿಂತಿತು, ಮತ್ತೆ ನಡುಗಿತು. ತಾತ ತಮ್ಮ ಕೈಯನ್ನೇ ನೋಡಿದರು. ಆಮೇಲೆ ತಂಗಿಯ ಮುಖ ನೋಡಿದರು.

"ಎಲ್ಲಾ ಕೂಗ್ತಾ ಇವೆಯಾ?"

ಈಡಿತಮ್ಮ ಹೌದೆಂದು ತಲೆ ಆಡಿಸಿದರು.

"ಯಾವಾಗಿಂದ?"

ನಾನು ಹಿಂದಕ್ಕೆ ಕೈ ತೋರಿಸಿದೆ, ಕಾಡು ಮುಗಿಯುವ ಕಡೆಗೆ.

ತಾತ ಬಗ್ಗಿ ಕಪ್ಪೆಯನ್ನು ನೀರಿನಂಚಿನಲ್ಲಿ ಬಿಟ್ಟರು. ಅದು ಇಲಿಯಂತೆ ಓಡಿಹೋಯಿತು. ಒದ್ದೆ ಮರಳಿನ ಮೇಲೆಯೇ ಕೂತರು. ನಾನು ಅಳುತ್ತಿದ್ದೆ, ಮುಚ್ಚಿಡಲು ಹೋಗಲಿಲ್ಲ. ಅವರು ಎರಡೂ ಪಕ್ಕದ ಮರಳನ್ನು ತಟ್ಟಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಅವು ನಿಲ್ಲಿಸಿದಾಗ ಹೇಳು ತಾಯೀ, ಎದ್ದು ಹೋಗೋಣ" ಅಂದರು.

ಆಗಾಗ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಇನ್ನೂ ಕೂಗುತ್ತಿವೆ ಎಂದು ನಾನು ತಲೆ ಆಡಿಸುತ್ತಿದ್ದೆ. ಕತ್ತಲು ಇಳಿದು ನನ್ನ ಮುಖ ಕಾಣದಾದ ಮೇಲೆ ಅವರ ಕೈ ಹಿಡಿದುಕೊಂಡು, ಕೂಗು ಎದ್ದಾಗಲೆಲ್ಲ ಒಂದು ಸಲ ಅದುಮುತ್ತಾ ಕೂತೆ.